ನಾಸಿಕ್ ದ್ರಾಕ್ಷಿ ತೋಟ, ಮುಂಬೈ, ಪುಣೆ: ಆರು ದಿನದ ಸುತ್ತಾಟ ಮತ್ತು ನನ್ನ ಜನವರಿ 26ರ ಎಡವಟ್ಟು

ಡೊಂಬಿವಲಿಯವಳು

ಈ ಸಲ ಜನವರಿ 26 ಸೋಮವಾರ ಬಂತಲ್ವಾ, ಶನಿವಾರದಿಂದ ಮೂರು ದಿನ ರಜೆ. ಅದಕ್ಕೆ ಇನ್ನು ಮೂರು ದಿನ ಸೇರಿಸಿಕೊಂಡು ಹೋಗಿಬಂದದ್ದನ್ನು ಬರೀತಾ ಇದ್ದೀನಿ. ಸ್ವಲ್ಪ ಉದ್ದ ಆಗುತ್ತೆ, ಚಹಾ ಇಟ್ಟುಕೊಂಡು ಓದಿ.

ನಾವು ಮುಂಬೈ ಕಡೆಗೆ ಬಂದು 18 ವರ್ಷ ಆಯ್ತು. ಊರಿಂದ ಬಂದವರನ್ನೆಲ್ಲ ಗೇಟ್‌ವೇ, ಸಿದ್ಧಿವಿನಾಯಕ, ಜುಹು ಬೀಚ್ ಸುತ್ತಿಸಿ, ಕುರ್ಲಾದಲ್ಲಿ ರೈಲು ಹತ್ತಿಸಿ ಕಳಿಸೋದು ನಮ್ಮ ಮನೆ ಪದ್ಧತಿ. ಈ ಸಲ ಅಮ್ಮನ ಜೊತೆ ತಮ್ಮ, ಅವನ ಹೆಂಡತಿ ಬಂದಿದ್ದರು. ತಮ್ಮನಿಗೆ ನಾಸಿಕ್‌ನ ವೈನ್ ನೋಡಬೇಕು. ಅಮ್ಮನಿಗೆ ತ್ರ್ಯಂಬಕೇಶ್ವರ ಆಗಬೇಕು. ಎರಡೂ ಒಂದೇ ದಿಕ್ಕಿನಲ್ಲಿ ಇರೋದರಿಂದ ಜಗಳ ಆಗಲಿಲ್ಲ.

ಶನಿವಾರ ಎಲಿಫೆಂಟಾ ಗುಹೆ. ಗೇಟ್‌ವೇಯಿಂದ ಬೋಟಿನಲ್ಲಿ ಒಂದು ಗಂಟೆ. ಮೆಟ್ಟಿಲು ಹತ್ತುವಾಗ ಅಮ್ಮ ಬೈದುಕೊಂಡೇ ಬಂದರು. ಒಳಗೆ ಹೋಗಿ ಆ ಮೂರು ಮುಖದ ಸದಾಶಿವನ ಎದುರು ನಿಂತ ಮೇಲೆ ಮಾತೇ ಇಲ್ಲ. ಹೊರಗೆ ಬಂದು "ಬಾದಾಮಿ ನೆನಪಾಯ್ತು ಕಣೇ" ಅಂದರು, ಅಷ್ಟೇ. ವಾಪಸ್ ಬರುವಾಗ ಸಿಎಸ್‌ಎಂಟಿ ರೈಲು ನಿಲ್ದಾಣದ ಗೇಟಿನ ಕಂಬದ ಮೇಲಿರೋ ಹುಲಿ, ಸಿಂಹ ತೋರಿಸಿದೆ. ಹುಲಿ ನಮ್ಮದು, ಸಿಂಹ ಬ್ರಿಟಿಷರದ್ದು. ದಿನಾ ಅದರ ಕೆಳಗೆ ಓಡಾಡೋ ನನಗೂ ಇದು ಗೊತ್ತಾಗಿದ್ದು ಎರಡು ವರ್ಷದ ಹಿಂದೆ.

ಭಾನುವಾರ ಮಾಟುಂಗಾ ಸ್ಟೇಷನ್ ಪಕ್ಕದ ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆ ಊಟ. 1942ರಿಂದ ಇದೆ. ಅಮ್ಮ ಎರಡು ಸಲ ಸಾರು ಹಾಕಿಸಿಕೊಂಡರು. ಅವರ ಲೆಕ್ಕದಲ್ಲಿ ಮುಂಬೈ ಒಳ್ಳೆ ಊರು ಅಂತ ಅಲ್ಲೇ ತೀರ್ಮಾನ ಆಯ್ತು.

ಮಧ್ಯಾಹ್ನ ಕಲ್ಯಾಣದಲ್ಲಿ ರೈಲು ಹತ್ತಿದೆವು. ಕಸಾರಾದಲ್ಲಿ ಹಿಂದಿನಿಂದ ನೂಕೋಕೆ ಎಂಜಿನ್ ಹಚ್ಚುತ್ತಾರೆ, ನಮ್ಮ ಸಕಲೇಶಪುರ ಘಾಟಿ ಥರ. ಇಗತ್‌ಪುರಿ ದಾಟಿದ ಮೇಲೆ ಗಾಳಿಯೇ ಬೇರೆ. ಒಂದು ವಿಷಯ ನೆನಪಿಡಿ: ನಾಸಿಕ್ ರೋಡ್ ಸ್ಟೇಷನ್ ಬೇರೆ, ನಾಸಿಕ್ ಊರು ಬೇರೆ. ಮಧ್ಯೆ ಎಂಟೊಂಬತ್ತು ಕಿಲೋಮೀಟರ್ ಇದೆ.

ಈಗ ಎಡವಟ್ಟಿಗೆ ಬರ್ತೀನಿ. ಸೋಮವಾರ ಬೆಳಿಗ್ಗೆ ವೈನರಿ, ಮಂಗಳವಾರ ದೇವಸ್ಥಾನ ಅಂತ ಪ್ಲಾನ್ ಮಾಡಿದ್ದು ನಾನೇ. ತಿಂಡಿ ತಿನ್ನುವಾಗ ಹೋಟೆಲಿನ ಹುಡುಗ ನಕ್ಕ. "ತಾಯಿ, ಆಜ್ ಡ್ರೈ ಡೇ." ಜನವರಿ 26! ಶಾಲೆಯಲ್ಲಿ ಧ್ವಜ ಹಾರಿಸಿ ಲಾಡು ತಿಂದವಳಿಗೆ ಇದು ಹೊಳೆಯಲೇ ಇಲ್ಲ. ಮಹಾರಾಷ್ಟ್ರದಲ್ಲಿ ಜನವರಿ 26, ಆಗಸ್ಟ್ 15, ಅಕ್ಟೋಬರ್ 2ಕ್ಕೆ ಅಂಗಡಿ, ಬಾರ್, ವೈನರಿ ಎಲ್ಲಾ ಕಡೆ ಬಾಟಲಿ ಬಂದ್. ತಮ್ಮನ ಮುಖ ನೋಡೋಕಾಗಲಿಲ್ಲ. ಅಮ್ಮ ಮಾತ್ರ "ಶಿವ ಕರೆದ" ಅಂತ ಸೀರೆ ಉಡೋಕೆ ಎದ್ದರು.

ಸೋಮವಾರ ಬೇರೆ, ರಜೆ ಬೇರೆ. ತ್ರ್ಯಂಬಕದ ಸಾಲಿನಲ್ಲಿ ನಾಲ್ಕು ಗಂಟೆ ನಿಂತೆವು. ನಮ್ಮ ಮುಂದೆ ಒಂದು ಗುಂಪು ಹುಬ್ಬಳ್ಳಿಯವರು, ಶಿರಡಿ ಮುಗಿಸಿ ಬಂದವರು, ಚಕ್ಕುಲಿ ಹಂಚಿದರು. ಸಂಜೆ ಪಾಂಡವ ಲೇಣಿಗೆ ಹೋದೆವು. ಗುಡ್ಡದ ಮೇಲೆ 24 ಗುಹೆ, ಶಾತವಾಹನರ ಕಾಲದ ಶಾಸನಗಳು. ಗೌತಮಿ ಬಾಲಶ್ರೀ ತನ್ನ ಮಗ ಗೌತಮೀಪುತ್ರ ಶಾತಕರ್ಣಿಯನ್ನು ಹೊಗಳಿ ಕೆತ್ತಿಸಿದ್ದು ಇಲ್ಲೇ. ಅದನ್ನು ಹೇಳಿದಾಗ ಅಮ್ಮ ತಮ್ಮನ ಕಡೆ ತಿರುಗಿ "ಹೊಗಳೋಕೆ ಮಗನೂ ಹಾಗಿರಬೇಕು" ಅಂದರು.

ಮಂಗಳವಾರ ಬೆಳಿಗ್ಗೆ ಗಂಗಾಪುರ ಡ್ಯಾಮಿನ ಹಿನ್ನೀರಿನ ಕಡೆ ಹೋದೆವು. ಸುಲಾ, ಯಾರ್ಕ್ ಎರಡೂ ವೈನರಿ ಅಲ್ಲೇ. ವಾರದ ಮಧ್ಯೆ ಆದ್ದರಿಂದ ಜನ ಕಡಿಮೆ. ಶನಿವಾರ, ಭಾನುವಾರ ಆಗಿದ್ದರೆ ಜಾತ್ರೆ, ಕಾರು ನಿಲ್ಲಿಸೋಕೂ ಜಾಗ ಸಿಗಲ್ಲ ಅಂತ ಡ್ರೈವರ್ ಹೇಳಿದರು. ಡ್ರೈ ಡೇ ನಮ್ಮನ್ನು ಒಂದು ಲೆಕ್ಕದಲ್ಲಿ ಉಳಿಸಿತು.

ನಾನು ಅಂದುಕೊಂಡಿದ್ದು ಗಾಜಿನ ಲೋಟ, ಮಂದ ದೀಪ, ಹಾಡು. ನನಗೆ ಹಿಡಿಸಿದ್ದು ತೋಟ. ಬಿಳಿ ದ್ರಾಕ್ಷಿ ಕೊಯ್ಲು ನಡೆದಿತ್ತು. ತಲೆಗೆ ಟವೆಲ್ ಕಟ್ಟಿದ ಹೆಂಗಸರು, ಕೈಯಲ್ಲಿ ಸಣ್ಣ ಕತ್ತರಿ. ಗೊಂಚಲಿನ ಕೆಳಗೆ ಎಡಗೈ ಹಿಡಿದು, ತೊಟ್ಟು ಕತ್ತರಿಸಿ, ಕೊಳೆತ ಒಂದೆರಡು ಕಾಳನ್ನು ಬೆರಳಲ್ಲೇ ಕಿತ್ತೆಸೆದು ಕ್ರೇಟಿಗೆ ಇಡೋದು. ಬೆಳಗಿನ ಜಾವವೇ ಶುರು ಮಾಡುತ್ತಾರಂತೆ, ಬಿಸಿಲೇರಿದರೆ ಹಣ್ಣು ಬಿಸಿಯಾಗಿ ರಸ ಕೆಡುತ್ತೆ. ಅಮ್ಮ ಒಂದು ಕಾಳು ಕೇಳಿ ಬಾಯಿಗೆ ಹಾಕಿಕೊಂಡರು. ತುಂಬಾ ಸಿಹಿ, ಆದರೆ ಗುಂಡುಸೂಜಿ ತಲೆಗಿಂತ ಸ್ವಲ್ಪ ದೊಡ್ಡದು ಅಷ್ಟೇ (ಸರಿ, ಉತ್ಪ್ರೇಕ್ಷೆ, ದೊಡ್ಡ ಬಟಾಣಿಯಷ್ಟಿತ್ತು). ದಪ್ಪ ಸಿಪ್ಪೆ, ಒಳಗೆಲ್ಲ ಬೀಜ. "ಇದರಲ್ಲಿ ತಿನ್ನೋಕೆ ಏನಿದೆ?" ಅಂದರು. ಟೂರ್ ಮಾಡಿಸಿದ ಹುಡುಗ ಅದಕ್ಕೇ ಕಾದಿದ್ದನೋ ಏನೋ, ಒಂದು ಕಪ್ಪು ದ್ರಾಕ್ಷಿ ಹಿಂಡಿ ತೋರಿಸಿದ. ರಸಕ್ಕೆ ಬಣ್ಣವೇ ಇಲ್ಲ! ಕೆಂಪು ವೈನಿನ ಬಣ್ಣ ಬರೋದು ಸಿಪ್ಪೆಯಿಂದ. ಅದಕ್ಕೆ ಸಿಪ್ಪೆ ಸಮೇತ ಹುಳಿಯೋಕೆ ಬಿಡುತ್ತಾರೆ. ಬಿಳಿಯದ್ದಕ್ಕೆ ಮೊದಲೇ ಹಿಂಡಿ ಸಿಪ್ಪೆ ತೆಗೆದುಬಿಡುತ್ತಾರೆ. ದೋಸೆ ಹಿಟ್ಟಿಗೂ ಇದಕ್ಕೂ ತತ್ತ್ವ ಒಂದೇ ಅಂತ ಅಮ್ಮನಿಗೆ ಅರ್ಥ ಆಯ್ತು. ವ್ಯತ್ಯಾಸ ಅಂದರೆ ಇಲ್ಲಿ ಸ್ಟೀಲ್ ಟ್ಯಾಂಕಿಗೆ ತಣ್ಣಗಿನ ಹೊದಿಕೆ, ನಮ್ಮಲ್ಲಿ ಪಾತ್ರೆಗೆ ಬಟ್ಟೆ.

ರುಚಿ ನೋಡುವಾಗ ತಮ್ಮ ಮೊದಲ ಲೋಟ ಒಂದೇ ಗುಟುಕಿಗೆ ಮುಗಿಸಿದ. ಹುಡುಗ ನಗದೆ "ಸರ್, ಮೊದಲು ಮೂಸಿ" ಅಂದ. ಮೂಸಿದೆವು. ಸೋವಿನ್ಯೋನ್ ಬ್ಲಾಂಕ್‌ಗೆ ದೊಣ್ಣೆ ಮೆಣಸಿನಕಾಯಿ ಹೆಚ್ಚಿದಾಗ ಬರೋ ವಾಸನೆ. ಶೆನಿನ್ ಬ್ಲಾಂಕ್‌ಗೆ ಹಣ್ಣಾದ ಸೀಬೆ. ಶಿರಾಜ್ ಮೂಗಿನ ಹತ್ತಿರ ಬಂದಾಗ ಕರಿಮೆಣಸು. ಇದೆಲ್ಲ ದೊಡ್ಡವರ ನಾಟಕ ಅಂದುಕೊಂಡಿದ್ದೆ, ಇಲ್ಲ, ನಿಜಕ್ಕೂ ಬರುತ್ತೆ. ಅಡುಗೆಮನೆಯಲ್ಲಿ ಇರೋ ಹೆಂಗಸರಿಗೆ ಬೇಗ ಗೊತ್ತಾಗುತ್ತೆ ಅಂತ ನನ್ನ ಅನುಮಾನ. ನಾದಿನಿ ಮೂರಕ್ಕೆ ಮೂರೂ ಸರಿ ಹೇಳಿದಳು, ತಮ್ಮನಿಗೆ ಎಲ್ಲದರಲ್ಲೂ "ವೈನ್ ವಾಸನೆ".

ಸುಲಾ ಶುರು ಮಾಡಿದ ರಾಜೀವ್ ಸಾಮಂತ್ ಕ್ಯಾಲಿಫೋರ್ನಿಯಾದ ಕೆಲಸ ಬಿಟ್ಟು ಬಂದು ಮನೆಯ ಜಮೀನಿನಲ್ಲಿ ಬಳ್ಳಿ ನೆಟ್ಟವರು. ಮೊದಲ ವೈನ್ ಬಂದಿದ್ದು 2000ದಲ್ಲಿ. ಹೆಸರು ಅವರ ಅಮ್ಮ ಸುಲಭಾ ಅವರದ್ದು. ತಮ್ಮ ಕೂಡಲೇ "ನಾನೂ ತೋಟ ಮಾಡಿ ಬಾಟಲಿಗೆ ನಿನ್ನ ಹೆಸರಿಡ್ತೀನಮ್ಮ" ಅಂದ. ನಮ್ಮಮ್ಮನ ಹೆಸರು ಭಾಗೀರಥಿ. ಆ ಹೆಸರಿನ ಬಾಟಲಿಯಲ್ಲಿ ಬೇರೇನೂ ತುಂಬೋಕಾಗಲ್ಲ ಅಂತ ನಾದಿನಿ ಹೇಳಿದಳು.

ಬುಧವಾರ ಕಾರಿನಲ್ಲಿ ಪುಣೆಗೆ ಬಂದೆವು. ಗುರುವಾರ ಆಗಾ ಖಾನ್ ಅರಮನೆ, ಎಫ್‌ಸಿ ರೋಡಿನ ವೈಶಾಲಿ ಹೋಟೆಲ್, ಸಂಜೆ ವಾಪಸ್. ಪುಣೆಗೆ ಒಂದು ದಿನ ಸಾಲದು. ಅಲ್ಲಿಯವರು ಏನೇನು ಬಿಟ್ಟೆವು ಅಂತ ಹೇಳಿ ಹೊಟ್ಟೆ ಉರಿಸಬಹುದು.

ಮಾಟುಂಗಾ ಮಾಣಿ

ಅಕ್ಕಾ, ಸೂಪರ್. ಎಲಿಫೆಂಟಾ ಸೋಮವಾರ ಬಂದ್ ಇರುತ್ತೆ, ನೀವು ಶನಿವಾರ ಹೋಗಿದ್ದು ಪುಣ್ಯ. ಇಲ್ಲಾಂದ್ರೆ ಎರಡನೇ ಎಡವಟ್ಟು ಆಗ್ತಿತ್ತು.

ಡ್ರೈ ಡೇ ಬಗ್ಗೆ ಒಂದು ಮಾತು. ನಮ್ಮ ದೊಡ್ಡಪ್ಪ ಫೋರ್ಟ್‌ನಲ್ಲಿ ಒಂದು ಬಾರಿನ ಗಲ್ಲಾದಲ್ಲಿ ಮೂವತ್ತು ವರ್ಷ ಕೂತವರು. ಚಿಕ್ಕವನಿದ್ದಾಗ ಬೋರ್ಡ್ ಓದಿ ಕೇಳಿದ್ದೆ, "ದೊಡ್ಡಪ್ಪ, ಪರ್ಮಿಟ್ ರೂಮ್ ಅಂದ್ರೇನು?" ಅವರು ಡ್ರಾಯರಿನಿಂದ ಒಂದು ಸಣ್ಣ ಪುಸ್ತಕ ತೆಗೆದು ತೋರಿಸಿದರು. ಬಸ್ ಟಿಕೆಟ್ ಥರ ಹರಿಯೋ ಚೀಟಿ. ಒಂದು ದಿನದ ಕುಡಿಯೋ ಪರ್ಮಿಟ್. 1949ರ ಬಾಂಬೆ ಪ್ರೊಹಿಬಿಷನ್ ಆಕ್ಟ್ ಇನ್ನೂ ಸತ್ತಿಲ್ಲ. ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ಇಲ್ಲಿ ಕುಡಿಯೋನ ಹತ್ತಿರ ಪರ್ಮಿಟ್ ಇರಬೇಕು: ಒಂದು ದಿನದ್ದು, ವರ್ಷದ್ದು ಅಥವಾ ಜೀವಮಾನದ್ದು. ಕಾರಣದ ಜಾಗದಲ್ಲಿ ಆರೋಗ್ಯಕ್ಕಾಗಿ ಅಂತ ಇರುತ್ತೆ. ದೊಡ್ಡಪ್ಪ ಅದನ್ನು ಹೇಳಿ ನಗ್ತಿದ್ದರು, "ಈ ಊರಿನಲ್ಲಿ ಎಲ್ಲರಿಗೂ ಕಾಯಿಲೆ, ನಾವೇ ಡಾಕ್ಟ್ರು."

ಮುಂಬೈಯ ಅರ್ಧ ಪರ್ಮಿಟ್ ರೂಮುಗಳ ಗಲ್ಲಾದಲ್ಲಿ ಕೂತವರು ನಮ್ಮ ಉಡುಪಿ, ಮಂಗಳೂರು ಕಡೆಯ ಶೆಟ್ರು, ಪೂಜಾರಿಗಳು. ಅರ್ಧ ಅನ್ನೋದು ನನ್ನ ಅಂದಾಜು, ಲೆಕ್ಕ ಕೇಳಬೇಡಿ. ಆದರೆ ಅಲ್ಲಿ ವೈನ್ ಕೇಳಿದರೆ ಫ್ರಿಜ್ ಹಿಂದೆ ಧೂಳು ಹಿಡಿದ ಒಂದು ಬಾಟಲಿ ಬರುತ್ತೆ. ನಾಸಿಕ್ ಮೂರು ಗಂಟೆ ದಾರಿ, ಆ ಮೇಜಿಗೆ ಮಾತ್ರ ಇನ್ನೂ ಬಂದಿಲ್ಲ. ಬಂಗುಡೆ ಫ್ರೈ ಜೊತೆ ತಣ್ಣಗಿನ ಬಿಳಿ ವೈನ್ ಚೆನ್ನಾಗಿ ಹೊಂದುತ್ತೆ, ನಾನು ಮನೆಯಲ್ಲಿ ಮಾಡಿ ನೋಡಿದ್ದೀನಿ. ದೊಡ್ಡಪ್ಪನಿಗೆ ಕೊಟ್ಟೆ. ಒಂದು ಗುಟುಕು ಕುಡಿದು "ಪುನರ್ಪುಳಿ ಕೆಟ್ಟಿದೆ" ಅಂದರು.

ನೀರುಮಜ್ಜಿಗೆ

ಯಾತ್ರೆ ಹೆಸರಿನಲ್ಲಿ ಕುಡಿತದ ಪ್ರಚಾರ. ತಾಯಿಯನ್ನು ಕರೆದುಕೊಂಡು ಹೋಗೋ ಜಾಗವೇ ಅದು? ಗೋದಾವರಿ ಹುಟ್ಟುವ ಜಾಗ, ಪಂಚವಟಿ, ಕಾಳಾರಾಮ ಮಂದಿರ ಇರುವ ಊರು ಈಗ ವೈನ್ ರಾಜಧಾನಿ ಅಂತ ಕರೆಸಿಕೊಳ್ಳುತ್ತೆ. ನನಗಂತೂ ಬೇಸರ.

ಡೊಂಬಿವಲಿಯವಳು

ನಿಮ್ಮ ಬೇಸರ ನನಗೆ ಅರ್ಥ ಆಗುತ್ತೆ. ಅಮ್ಮ ಒಂದು ಹನಿಯೂ ಮುಟ್ಟಲಿಲ್ಲ, ದ್ರಾಕ್ಷಿ ರಸ ಕುಡಿದರು. ಕಾಳಾರಾಮಕ್ಕೂ ಹೋಗಿದ್ದೆವು, ಬರೆಯೋದು ಬಿಟ್ಟುಹೋಯ್ತು. 1930ರಲ್ಲಿ ಅಂಬೇಡ್ಕರ್ ಅಲ್ಲಿ ಪ್ರವೇಶಕ್ಕಾಗಿ ಸತ್ಯಾಗ್ರಹ ಮಾಡಿದ್ದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಬಾಗಿಲಲ್ಲೇ ನಿಂತಿದ್ದರು. ಇದಕ್ಕಿಂತ ಜಾಸ್ತಿ ವಾದ ಬೇಡ.

ತಿಕೋಟಾ ದ್ರಾಕ್ಷಿ

ಅಕ್ಕಾರ, ನಾವು ವಿಜಯಪುರ ಕಡೆಯವರು. ವಾಶಿ ಮಾರ್ಕೆಟ್ಟಿಗೆ ಮಾಲು ತರ್ತೀವಿ, ಸೀಸನ್ನಿನಲ್ಲಿ ಎರಡು ತಿಂಗಳು ನವಿ ಮುಂಬೈನಲ್ಲೇ ಇರ್ತೀವಿ. ನಿಮ್ಮಮ್ಮ ಕೇಳಿದ ಪ್ರಶ್ನೆ ಸರಿ ಅದ, ಉತ್ತರ ನಾನು ಹೇಳ್ತೀನಿ.

ತಿನ್ನೋ ದ್ರಾಕ್ಷಿ ಬೇರೆ, ವೈನಿನ ದ್ರಾಕ್ಷಿ ಬೇರೆ. ನಮ್ಮ ಥಾಮ್ಸನ್, ಸೋನಾಕ, ಮಾಣಿಕ್ ಚಮನ್ ಎಲ್ಲಾ ಬೀಜ ಇಲ್ಲದವು. ಕಾಳು ಉದ್ದ ಬರಲಿ ಅಂತ ಗೊಂಚಲನ್ನು ಜಿಎ (ಬೆಳವಣಿಗೆಯ ಹಾರ್ಮೋನು) ದ್ರಾವಣದಲ್ಲಿ ಅದ್ದುತ್ತೀವಿ. ಗಿರಾಕಿ ಕಣ್ಣಿಗೆ ಚೆಂದ ಕಾಣಬೇಕು. ವೈನಿನವರಿಗೆ ಕಾಳು ಸಣ್ಣದಿದ್ದಷ್ಟು ಒಳ್ಳೇದು, ಯಾಕಂದ್ರೆ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ ಸಿಗುತ್ತೆ, ಬಣ್ಣ ಮತ್ತು ವಾಸನೆ ಅದರಲ್ಲೇ ಇರೋದು. ನಾವು ಬಳ್ಳಿಯನ್ನು ಚಪ್ಪರದ ಮೇಲೆ ಹಬ್ಬಿಸ್ತೀವಿ, ಅವರು ಬೇಲಿ ಥರ ನೆಟ್ಟಗೆ ಕಟ್ಟುತ್ತಾರೆ. ಎಕರೆಗೆ ಅವರ ಇಳುವರಿ ಕಡಿಮೆ, ಬೇಕಂತಲೇ ಕಡಿಮೆ ಇಡ್ತಾರೆ.

ಒಂದು ವಿಷಯ ಎರಡೂ ಕಡೆ ಒಂದೇ: ಚಾಟ್ನಿ, ಅಂದ್ರೆ ಬಳ್ಳಿ ಕತ್ತರಿಸೋದು. ಫ್ರಾನ್ಸಿನಲ್ಲಿ ಚಳಿಗೆ ಬಳ್ಳಿ ತಾನೇ ಮಲಗುತ್ತೆ, ವರ್ಷಕ್ಕೊಮ್ಮೆ ಕತ್ತರಿಸಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ದೆ ಇಲ್ಲ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಕಡ್ಡಿ ಬೆಳೆಸೋಕೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇನ್ನೊಂದು, ಹಣ್ಣಿಗೆ. ಎರಡನೇದು ಆದ ಮೇಲೆ ಕಡ್ಡಿಯ ಕಣ್ಣಿಗೆ (ಮೊಗ್ಗಿಗೆ) ಪೇಸ್ಟ್ ಹಚ್ಚುತ್ತೀವಿ, ಎಲ್ಲಾ ಒಟ್ಟಿಗೆ ಚಿಗುರಲಿ ಅಂತ. ಎರಡು ಸಲ ಕತ್ತರಿಸಿ ಒಂದೇ ಬೆಳೆ. ಆ ಚಿಗುರಿನ ಮೇಲೆ ಅಕಾಲಿಕ ಮಳೆ ಬಿತ್ತೋ, ಡೌನಿ ರೋಗ ಬಂದು ಎಲೆ ಕೆಳಗೆ ಬಿಳಿ ಬೂದಿ ಹಿಡಿದಂಗೆ ಆಗುತ್ತೆ. ಹೋದ ಹಂಗಾಮಿನಲ್ಲಿ ನಾನು ರಾತ್ರಿ ಹನ್ನೊಂದಕ್ಕೆ ಹೆಡ್‌ಲೈಟ್ ಹಚ್ಚಿ ಔಷಧಿ ಹೊಡೆದೀನಿ.

ನಮ್ಮಲ್ಲಿ ಮಾರುಕಟ್ಟೆ ಬಿದ್ದರೆ ಒಣದ್ರಾಕ್ಷಿ ಮಾಡ್ತೀವಿ. ಶೆಡ್ಡಿನ ಬಲೆ ಮೇಲೆ ಹರವಿ ಹದಿನೈದು ದಿನ ಒಣಗಿಸಿ ತಾಸಗಾಂವ್‌ಗೆ ಕಳಿಸೋದು. ವೈನ್ ದ್ರಾಕ್ಷಿ ಬೆಳೆದವನಿಗೆ ಆ ದಾರಿ ಇಲ್ಲ. ಬೀಜದ ಒಣದ್ರಾಕ್ಷಿ ಯಾರು ತಿಂತಾರೆ? ಕಂಪನಿ ತಗೊಳ್ಳದಿದ್ದರೆ ಮುಗೀತು. ಅದಕ್ಕೇ ನಮ್ಮ ಊರಿನಲ್ಲಿ ಧೈರ್ಯ ಮಾಡೋರು ಕಡಿಮೆ. ನಿಮ್ಮ ತಮ್ಮಗೂ ಹೇಳ್ರಿ, ಬಾಟಲಿಗೆ ಹೆಸರಿಡೋಕೆ ಮೊದಲು ಕರಾರು ಪತ್ರ ಓದಬೇಕು ಅಂತ.

ಕೊತ್ರೂಡ್ ಕಾಕಾ

ಹೊಟ್ಟೆ ಉರಿಸ್ರಿ ಅಂದಿದ್ದೀರಿ, ಉರಿಸ್ತೀನಿ.

ನಾಸಿಕ್‌ದಿಂದ ಪುಣೆಗೆ ಕಾರಿನಲ್ಲಿ ಬಂದವರು ನಾರಾಯಣಗಾವ್ ದಾಟಿ ಬಂದಿರ್ತೀರಿ. ಮಹಾರಾಷ್ಟ್ರದ ವೈನಿನ ಕತೆ ನಾಸಿಕ್‌ನಲ್ಲಿ ಅಲ್ಲ, ಅಲ್ಲಿ ಶುರು ಆಗಿದ್ದು. 1980ರ ದಶಕದಲ್ಲಿ ಶಾಮ್ ಚೌಗುಲೆ ಅಲ್ಲಿ ಫ್ರೆಂಚರ ಪದ್ಧತಿಯಲ್ಲಿ ನೊರೆ ಬರೋ ವೈನ್ ಮಾಡಿ, ಉಮರ್ ಖಯ್ಯಾಮ್ ಅಂತ ಹೆಸರಿಟ್ಟು ಹೊರದೇಶಕ್ಕೆ ಕಳಿಸ್ತಿದ್ದರು. ಆ ಕಂಪನಿ ಈಗಿಲ್ಲ. ನಾನು 1990ರ ದಶಕದಲ್ಲಿ ಧಾರವಾಡದಿಂದ ಇಲ್ಲಿ ನೌಕರಿಗೆ ಬಂದಾಗ, ನಮ್ಮ ಆಫೀಸಿನ ಪಾರ್ಟಿಯಲ್ಲಿ ಅದೇ ಕಂಪನಿಯ ಬಾಟಲಿ ಬಿಟ್ಟರೆ ಬೇರೆ ವೈನ್ ಕಂಡಿದ್ದು ನೆನಪಿಲ್ಲ. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆಗೆ ಅಂತ ನೀತಿ ತಂದಿದ್ದು 2001ರಲ್ಲಿ. ಆಮೇಲೆ ನೋಡ್ರಿ ನಾಸಿಕ್ ಕಡೆ ಒಂದರ ಹಿಂದೆ ಒಂದು ಎದ್ದವು.

ಅದೇ ನಾರಾಯಣಗಾವ್ ಹತ್ತಿರ ಖೋಡದ್ ಅನ್ನೋ ಹಳ್ಳಿ ಅದ. ಅಲ್ಲಿ ಜಿಎಂಆರ್‌ಟಿ ಅನ್ನೋ ರೇಡಿಯೊ ದೂರದರ್ಶಕ. 45 ಮೀಟರ್ ಅಗಲದ 30 ಡಿಶ್‌ಗಳು, ಹೊಲದ ನಡುವೆ ಆಕಾಶದ ಕಡೆ ಬಾಯಿ ತೆರೆದು ನಿಂತಿವೆ. ಎಡಕ್ಕೆ ಟೊಮೇಟೊ, ಬಲಕ್ಕೆ ಟೆಲಿಸ್ಕೋಪ್. ಇನ್ನೊಂದು ಬದಿಗೆ ಜುನ್ನರ್, ಶಿವಾಜಿ ಹುಟ್ಟಿದ ಶಿವನೇರಿ ಕೋಟೆ. ಇದೆಲ್ಲ ಬಿಟ್ಟು ಸೀದಾ ಬಂದಿದ್ದೀರಿ.

ಎರಡನೇದು. ವೈನ್ ಅಂದರೆ ನಾಸಿಕ್ ಒಂದೇ ಅಲ್ಲ. ಪುಣೆ–ಸೋಲಾಪುರ ರಸ್ತೆಯಲ್ಲಿ ಹೋದರೆ ರೋಟಿ ಊರಿನ ಹತ್ತಿರ ಫೋರ್ ಸೀಸನ್ಸ್ ವೈನರಿ, ಇನ್ನೂ ಮುಂದೆ ಅಕಲೂಜ್‌ದಾಗ ಫ್ರಾತೆಲ್ಲಿ. ಇಟಾಲಿಯನ್ ಭಾಷೆಯಲ್ಲಿ ಫ್ರಾತೆಲ್ಲಿ ಅಂದರೆ ಅಣ್ಣತಮ್ಮಂದಿರು. ಇಟಲಿಯ ಒಂದು ಜೋಡಿ, ದಿಲ್ಲಿಯ ಒಂದು ಜೋಡಿ, ಅಕಲೂಜ್‌ನ ಮೋಹಿತೆ ಪಾಟೀಲ ಮನೆತನದ ಒಂದು ಜೋಡಿ, ಮೂರೂ ಕಡೆಯ ಅಣ್ಣತಮ್ಮಂದಿರು ಸೇರಿ ಮಾಡಿದ್ದು. ಇಟಲಿಯ ಸಾಂಜೊವೇಸೆ ದ್ರಾಕ್ಷಿಯನ್ನು ಸೋಲಾಪುರ ಜಿಲ್ಲೆಯ ಬಿಸಿಲಿನಲ್ಲಿ ಬೆಳೆಸ್ತಾರೆ. ಪುಣೆಯಿಂದ ಅಲ್ಲಿಗೆ 170 ಕಿಲೋಮೀಟರ್ ಹತ್ತಿರ, ಮೊದಲೇ ಫೋನ್ ಮಾಡಿ ಹೋಗಬೇಕು. ನಾಸಿಕ್‌ನ ಗದ್ದಲ ಅಲ್ಲಿಲ್ಲ.

ಆದರೆ ನಾನು ಕರೆದುಕೊಂಡು ಹೋಗೋದು ಅದಕ್ಕಲ್ಲ, ದಾರಿಯ ಭಿಗವಣಕ್ಕೆ. ಉಜನಿ ಡ್ಯಾಮಿನ ಹಿನ್ನೀರು. ಬೆಳಿಗ್ಗೆ ಆರೂವರೆಗೆ ದೋಣಿ ಹತ್ತಬೇಕು. ಮಂಜಿನೊಳಗೆ ಮೊದಲು ಬರೀ ಗೊಣಗಾಟ ಕೇಳಿಸುತ್ತೆ, ಮದುವೆ ಮನೆಯ ಹೆಂಗಸರು ದೂರದಲ್ಲಿ ಮಾತಾಡಿದಂಗೆ. ಸ್ವಲ್ಪ ಬೆಳಕಾದ ಮೇಲೆ ಗುಲಾಬಿ ಗೆರೆ ಕಾಣುತ್ತೆ. ರಾಜಹಂಸ, ನೂರಾರು. ದೋಣಿಯವ ಎಂಜಿನ್ ಬಂದ್ ಮಾಡಿ ಕೋಲಿನಿಂದ ನೂಕ್ತಾನೆ. ಮೊನ್ನೆ ನಮ್ಮ ಮೊಮ್ಮಗಳು ಸೀನಿದಳು, ಅಷ್ಟೂ ಎದ್ದು ಹಾರಿದವು. ಆ ನೀರು ಭೀಮಾ ನದಿಯದು, ಮುಂದೆ ನಮ್ಮ ಕಲಬುರ್ಗಿ ಕಡೆ ಹೋಗೋದು ಅದೇ. ದಡಕ್ಕೆ ಬಂದ ಮೇಲೆ ಚಿಲಾಪಿ ಮೀನು ಕರಿದು ಕೊಡ್ತಾರೆ, ಜೋಳದ ರೊಟ್ಟಿ ಜೊತೆ. ನಾನು ಶಾಕಾಹಾರಿ, ಝುಣಕಾ ತಿಂದು ಸುಮ್ನೆ ನೋಡ್ತೀನಿ.

ವಾಕಡ್ ಟೆಕ್ಕಿ

ಬೆಂಗಳೂರಿನಿಂದ ಬಂದು ಹಿಂಜವಡಿಯಲ್ಲಿ ಕೆಲಸ. ನಂದಿ ಬೆಟ್ಟದ ತಪ್ಪಲಲ್ಲಿ ಗ್ರೋವರ್ ವೈನರಿ ನೋಡಿದ್ದೀನಿ. ಕಂವಲ್ ಗ್ರೋವರ್ 1980ರ ದಶಕದಲ್ಲೇ ಅಲ್ಲಿ ಫ್ರೆಂಚ್ ಬಳ್ಳಿ ನೆಡಿಸಿದವರು. ನಮ್ಮೂರೇನು ಹಿಂದೆ ಬಿದ್ದಿಲ್ಲ, ಸುಮ್ನೆ ಹೇಳ್ದೆ. ಪ್ರಶ್ನೆ: ಕಾರಿಲ್ಲ, ನಾವು ಮೂವರು ಹುಡುಗರು. ಕುಡಿದು ಗಾಡಿ ಓಡಿಸೋದು ಬೇಡ. ಮುಂಬೈನಿಂದ ನಾಸಿಕ್‌ಗೆ ಅಗ್ಗದ ದಾರಿ ಯಾವುದು?

ಮಾಟುಂಗಾ ಮಾಣಿ

ಸಿಎಸ್‌ಎಂಟಿಯಿಂದ ಕಸಾರಾ ತನಕ ಲೋಕಲ್ ಇದೆ. ಸ್ಟೇಷನ್ ಹೊರಗೆ ನಾಸಿಕ್‌ಗೆ ಶೇರ್ ಟ್ಯಾಕ್ಸಿ ನಿಂತಿರುತ್ತೆ, ಜನ ತುಂಬಿದ ಮೇಲೆ ಹೊರಡುತ್ತೆ. ದುಡ್ಡು ಇದ್ದರೆ ಶಿರಡಿ ವಂದೇ ಭಾರತ್, ನಾಸಿಕ್ ರೋಡ್‌ನಲ್ಲಿ ನಿಲ್ಲುತ್ತೆ. ಊರಿನಿಂದ ವೈನರಿಗೆ ಹೋಗೋಕೆ ಬರೋಕೆ ಇಡೀ ದಿನಕ್ಕೆ ಆಟೋ ಮಾತಾಡಿಕೊಳ್ಳಿ, ವಾಪಸ್ ಬರುವಾಗ ಅಲ್ಲಿ ಗಾಡಿ ಸಿಗಲ್ಲ. 21 ಆಗಿರಬೇಕು, ಆಧಾರ್ ಇಟ್ಟುಕೊಳ್ಳಿ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಊರಿನಲ್ಲೇ ಹಪ್ಪಳ ಇಟ್ಟು ಕೊಡೋ ನಾಸಿಕ್ ಮಿಸಳ್ ತಿಂದುಕೊಂಡು ಹೋಗಿ.

ವಾಸ್ಕೋ ಹುಡುಗ

ಗೋವಾ ಕಡೆಯಿಂದ ಒಂದು ಸೇರಿಸ್ತೀನಿ. ಇಲ್ಲಿ ಅಂಗಡಿಯಲ್ಲಿ ಸಿಗೋ ಪೋರ್ಟ್ ವೈನ್ ಪಾನಕದ ಥರ ಸಿಹಿ, ಅದನ್ನು ಕುಡಿದು ವೈನ್ ಅಂದರೆ ಇಷ್ಟೇ ಅಂದುಕೊಳ್ಳಬೇಡಿ. ಈ ನೆಲದ್ದು ಬೇಕಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಬನ್ನಿ, ಗೇರುಹಣ್ಣು ತುಳಿಯೋ ಕಾಲ. ಮೊದಲ ಭಟ್ಟಿಯಲ್ಲಿ ಇಳಿದದ್ದು ಉರಾಕ್, ಮತ್ತೆ ಭಟ್ಟಿ ಇಳಿಸಿದರೆ ಫೆನಿ. ಉರಾಕ್‌ಗೆ ನಿಂಬೆಹಣ್ಣು, ಸೀಳಿದ ಹಸಿಮೆಣಸಿನಕಾಯಿ ಹಾಕಿ ಕುಡಿತಾರೆ. ಮಳೆ ಬಂದ ಮೇಲೆ ಸಿಗಲ್ಲ.

ತಿಕೋಟಾ ದ್ರಾಕ್ಷಿ

ಗೇರುಹಣ್ಣು ನಮ್ಮ ಕಡೆ ಇಲ್ಲ. ಡೊಂಬಿವಲಿ ಅಕ್ಕಾರ, ಒಂದು ಕೇಳೋದಿತ್ತು. ಆ ತೋಟದಲ್ಲಿ ಬಳ್ಳಿಯ ಬುಡ ನೋಡಿದ್ರೇನು? ಕಾಡು ಬೇರಿನ ಮೇಲೆ ಕಸಿ ಕಟ್ಟಿದ್ದರೆ ಗಂಟು ಕಾಣುತ್ತೆ. ನಾವು ಡಾಗ್‌ರಿಡ್ಜ್ ಬೇರು ಹಾಕ್ತೀವಿ, ಉಪ್ಪು ನೀರು ತಡೀತದ. ಅವರದ್ದು ಯಾವುದು?

ಡೊಂಬಿವಲಿಯವಳು

ಗಂಟು ಇತ್ತು. ನೆಲದಿಂದ ಒಂದು ಗೇಣು ಮೇಲೆ, ತೊಗಟೆ ಅಲ್ಲಿ ಉಬ್ಬಿದಂಗೆ. ಫೋಟೊ ಇದೆ, ಆದರೆ ಅರ್ಧ ಅಮ್ಮನ ಸೆರಗು ಬಂದಿದೆ. ಬೇರಿನ ಹೆಸರು ಕೇಳಲಿಲ್ಲ. ಫೆಬ್ರವರಿ ಕೊನೆಗೆ ಕೆಂಪು ದ್ರಾಕ್ಷಿ ಕೊಯ್ಲು ನೋಡೋಕೆ ಮತ್ತೆ ಹೋಗ್ತಾ ಇದ್ದೀವಿ, ಬುಧವಾರ, ಈ ಸಲ ಕ್ಯಾಲೆಂಡರ್ ಮೂರು ಸಲ ನೋಡಿದ್ದೀನಿ. ನೀವು ವಾಶಿಯಲ್ಲೇ ಇದ್ದರೆ ಬನ್ನಿ, ಕಾರಿನಲ್ಲಿ ಒಂದು ಸೀಟು ಖಾಲಿ ಇದೆ.

ತಿಕೋಟಾ ದ್ರಾಕ್ಷಿ

ಬುಧವಾರ ಬೆಳಿಗ್ಗೆ ಲಾರಿ ಖಾಲಿ ಮಾಡಿಸಬೇಕು. ಎಂಟು ಗಂಟೆ ನಂತರ ಹೊರಟರೆ ಬರ್ತೀನಿ. ಅಮ್ಮಗೆ ಹೇಳ್ರಿ, ಬೀಜ ಇಲ್ಲದ್ದು ಒಂದು ಪೆಟ್ಟಿಗೆ ತರ್ತೀನಿ.